ಹತ್ತು ಸಾವಿರದ ಏಳು ಕಾಯಿ

ನಮ್ಮ ಶ್ರೀರಾಂಪುರದ ನಾಗಭೂಷಣ ಮೇಷ್ಟ್ರಿಗೆ ಮನುಷ್ಯರಿಗಿಂತ ಸಂಖ್ಯೆಗಳ ಗುಣಾವಗುಣ ಚೆನ್ನಾಗಿ ಗೊತ್ತು. ಹೊಸದುರ್ಗದ ಬಸ್ಸಿನಲ್ಲಿ ಸೀಟು ಖಾಲಿಯಾದದ್ದೂ ತಿಳಿಯದೆ, ಟಿಕೆಟ್ಟಿನ ಮೇಲಿನ ಸಂಖ್ಯೆಯನ್ನು ಏಳರಿಂದ, ಹನ್ನೊಂದರಿಂದ ಭಾಗಿಸುತ್ತ ನಿಂತೇ ಇರುತ್ತಾರೆ. ಯಾವುದರಿಂದಲೂ ಭಾಗವಾಗದಿದ್ದರೆ ಅದು ಅವಿಭಾಜ್ಯ ಸಂಖ್ಯೆ. ಆ ಟಿಕೆಟ್ಟನ್ನು ಊರಿಗೆಲ್ಲ ತೋರಿಸುತ್ತಾರೆ. ನಾನು ಅವರ ಪಕ್ಕದ ಮನೆಯವನು, ಹಳೆಯ ಶಿಷ್ಯ ಬೇರೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಇಂಥವರ ಮನೆಗೆ ಹೋದ ತಿಂಗಳು ಪಾಲಿನ ಮಾತು ಬಂತು. ತಮ್ಮಂದಿರಾದ ರಘುನಾಥ್, ವಿನೋದ್ ಇಬ್ಬರೂ ಬೇರೆ ಹೋಗುತ್ತೇವೆಂದು ಹಟ ಹಿಡಿದರು. ಮೊದಲು ಅಂಗಳದಲ್ಲಿದ್ದ ತೆಂಗಿನಕಾಯಿ ರಾಶಿ, ಆಮೇಲೆ ಒಲೆ, ಆಮೇಲೆ ತೋಟ. ಮೂವರೂ ಒಂದೇ ಒಲೆಯ ಅನ್ನ ಉಣ್ಣಬೇಕೆಂಬುದೊಂದೇ ಮೇಷ್ಟ್ರ ಆಸೆ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಬುದ್ಧಿ ಮಾತ್ರ ಅವರಿಗಿರಲಿಲ್ಲ.

ತಾಯಿ ಗಿರಿಯಮ್ಮ ಮೊದಲ ಕಾಯಿ ತೆಗೆದು, ವಾಡಿಕೆಯಂತೆ 'ಒಂದು' ಎನ್ನುವ ಬದಲು 'ಲಾಭ' ಎಂದು ಪಕ್ಕಕ್ಕಿಟ್ಟರು. ಉಳಿದದ್ದನ್ನು ರಘುನಾಥನ ಹೆಂಡತಿ ಮಂಗಳಾ ಎಣಿಸಿದಳು. ಹತ್ತು ಸಾವಿರದ ಏಳು.

ಮೇಷ್ಟ್ರ ಕಣ್ಣರಳಿತು. ಸೀಮೆಸುಣ್ಣ ಹಿಡಿದು ಜಗಲಿ ತುಂಬ ಭಾಗಾಕಾರ ಮಾಡಿದರು. ನೂರರೊಳಗಿನ ಒಂದು ಅವಿಭಾಜ್ಯವನ್ನೂ ಬಿಡದೆ ಭಾಗಿಸಿ ನೋಡಿದರು. ಯಾವುದಕ್ಕೂ ಜಗ್ಗಲಿಲ್ಲ. ಐದಂಕಿಯ ಅವಿಭಾಜ್ಯಗಳಲ್ಲೆಲ್ಲ ಇದೇ ಚಿಕ್ಕದು, ಇಂಥದ್ದು ಮನೆ ಬಾಗಿಲಿಗೆ ಬಂದಿರುವಾಗ ಪಾಲು ಮಾಡುವುದು ಗಣಿತಕ್ಕೇ ದ್ರೋಹ ಎಂದು ಭಾಷಣ ಬಿಗಿದರು. ಮಿಕ್ಕುವ ಎರಡು ಕಾಯಿ ಅವ್ವನಿಗಿರಲಿ ಎಂದ ವಿನೋದ್. ಆಗ ಅದು ಹತ್ತು ಸಾವಿರದ ಐದಾಗುತ್ತದೆ, ಸಿಕ್ಕಿದವರಿಗೆಲ್ಲ ಭಾಗವಾಗುವ ಮಾನಗೆಟ್ಟ ಸಂಖ್ಯೆ ಅದು, ಅದರ ಮಾತೇ ಎತ್ತಬೇಡ ಎಂದು ಮೇಷ್ಟ್ರು ಗದರಿದರು. ನಾನು ನಗು ತಡೆಯಲಾರದೆ ಟವೆಲನ್ನು ಬಾಯಿಗೆ ಒತ್ತಿಕೊಂಡೆ.

ಆಗ ಮಂಗಳಾ ಮೆಲ್ಲಗೆ, "ಅತ್ತೆ ಲಾಭ ಅಂತ ಇಟ್ಟ ಕಾಯಿ ನಾನು ಎಣಿಸಿಲ್ಲ ಭಾವ. ಅದರ ಮುಂದಿಂದಕ್ಕೆ ಒಂದು ಅಂದೆ," ಎಂದಳು.

ಅಂದರೆ ಹತ್ತು ಸಾವಿರದ ಎಂಟು. ಮೂವರಿಗೂ ಸರಿಸಮ, ಒಂದೂ ಮಿಗುವುದಿಲ್ಲ. ರಘುನಾಥ್ ಚೀಲ ತರಲು ಎದ್ದ. ಮೇಷ್ಟ್ರು ಕಂಬಕ್ಕೊರಗಿ ಕುಳಿತು ಕಣ್ಣೊರೆಸಿಕೊಂಡರು. ನನ್ನ ನಗು ಅಲ್ಲಿಗೇ ನಿಂತಿತು, ಪಾಪ ಅನ್ನಿಸಿತು.

ಗಿರಿಯಮ್ಮ ಹಿರಿಮಗನನ್ನೇ ನೋಡುತ್ತಿದ್ದರು. ಎದ್ದು ಬಂದು ಆ ಲಾಭದ ಕಾಯಿಯನ್ನೇ ಎತ್ತಿ ಒರಳುಕಲ್ಲಿಗೆ ಬಡಿದರು. ಎರಡು ಹೋಳಾಯಿತು.

"ಈಗ ಎಷ್ಟು ಅವೆ ಹೇಳಪ್ಪ?"

"ಹತ್ತು ಸಾವಿರದ ಏಳವ್ವ."

"ಪಾಲು ಆಗ್ತೈತಾ?"

"ಆಗಲ್ಲ."

"ಹಂಗಾದ್ರೆ ಚಟ್ನಿ ಅರೀತೀನಿ, ಎಲ್ರೂ ಉಣ್ಣಾಕೆ ಕುಂತ್ಕಳ್ರಿ."

ರಘುನಾಥ್ ತಂದಿದ್ದ ಚೀಲ ಕೆಳಗಿಟ್ಟು ಅಣ್ಣನ ಪಕ್ಕ ಕುಳಿತ. ಪಾಲಿನ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ. ಆದರೆ ಆ ರಾಶಿಯಿಂದ ಇನ್ನೊಂದು ಕಾಯಿ ಮುಟ್ಟಲು ಮೇಷ್ಟ್ರು ಯಾರನ್ನೂ ಬಿಡುತ್ತಿಲ್ಲ. ಅವರ ಮನೆಯ ಸಾರಿಗೆ ಈಗ ಕಾಯಿ ಹೋಗುತ್ತಿರುವುದು ನಮ್ಮ ಮನೆಯಿಂದ.