ಎಡಗಡೆಯ ಎಸಳು

ಸರ್... ಸರ್... ಸಾಣೆಕಲ್ಲಿನ ಮೇಲೆ ಗಂಧ ತೇಯುವ ಆ ಸಪ್ಪಳದಿಂದಲೇ ನರೇಗಲ್ಲಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ತೇಯ್ದು ತೇಯ್ದು ನನ್ನ ನೆಗೆಣ್ಣಿಯ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದಿತ್ತು. ಅವರು ಆ ಮನೆಯ ಹಿರಿಯ ಸೊಸೆ, ನಾನು ಕಿರಿಯವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಬಂದ ನಾನು ಮೊದಲ ದಿನವೇ ಅನ್ನಕ್ಕೆ ಸ್ಪೂನ್ ಕೇಳಿದ್ದೆ. ಅಂದಿನಿಂದ ಅವರಿಗೆ ನಾನು ಟೀಚರಮ್ಮ, "ಸಾಲಿ ಬಾಯಾರ".

ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹಾಲಿಗೆ ನೀರು ಬೆರೆಸಿದರೆ, ಬೆರೆಸಿದ್ದೇನೆ ಎಂದು ಹೇಳಿಯೇ ಮಕ್ಕಳಿಗೆ ಕುಡಿಸುತ್ತಿದ್ದರು.

ಅವರ ಮೊಮ್ಮಗಳು ಅಗ್ರಿಕಲ್ಚರ್ ಡಿಗ್ರಿ ಮುಗಿಸಿದಳು. ಮಣ್ಣಿನ ಬಗ್ಗೆ ಮುಂದೆ ಓದಲು ಜರ್ಮನಿಯಲ್ಲಿ ಸೀಟು ಸಿಕ್ಕಿತು. ಅಪ್ಲಿಕೇಶನ್, ಇಂಟರ್‌ವ್ಯೂ ಎಲ್ಲ ನಾನೇ ತಯಾರು ಮಾಡಿಸಿದ್ದೆ. ಫ್ರ್ಯಾಂಕ್ಲಿ, ಆ ಕನಸು ಅರ್ಧ ನನ್ನದೇ. ನೆಗೆಣ್ಣಿ ಬಾಗಿಲಲ್ಲಿ ನಿಂತು, "ಮಣ್ಣು ನೋಡಾಕ ಜರ್ಮನಿಗ್ಯಾಕ ಹೋಗಬೇಕ್ರಿ ಬಾಯಾರ? ನಮ್ಮ ಎರಿ ಹೊಲದಾಗ ಮಣ್ಣು ಖಾಲಿ ಆಗೇತೇನು?" ಎಂದರು. ಮನೆಯೆಲ್ಲ ನಕ್ಕಿತು.

ಅವರ ಮಗನಿಗೆ, ಅಂದರೆ ಹುಡುಗಿಯ ಅಪ್ಪನಿಗೆ, ಹ್ಞೂ ಅನ್ನುವ ಧೈರ್ಯವೂ ಇಲ್ಲ, ಒಲ್ಲೆ ಅನ್ನುವ ಧೈರ್ಯವೂ ಇಲ್ಲ. "ಲಗ್ನ ಮಾಡಿ ಕಳಸ್ರಿ," ಎಂದ ಹುಡುಗಿಯ ಸೋದರಮಾವ. "ಹ್ವಾದಾಕಿ ಹೊಳ್ಳಿ ಬರೂದು ಖರೇ ಏನು?" ಎಂದ ಕಾಕಾ. ಹದಿನೈದು ದಿನ ಇದೇ ಆರ್ಗ್ಯುಮೆಂಟ್. ನನಗೂ ಸಾಕಾಗಿ ಹೋಗಿತ್ತು. ಕಡೆಗೆ ಮಗ, "ದೇವೀನ್ನ ಕೇಳೂಣು," ಎಂದ.

ರಾಜೂರಿನ ನಮ್ಮ ಹೊಲದ ಮಗ್ಗುಲಿಗೆ ಮನೆದೇವಿಯ ಸಣ್ಣ ಗುಡಿ. ಪೂಜಾರಿಯಿಲ್ಲ, ಹಿರಿಯ ಸೊಸೆಯೇ ಪೂಜೆ ಮಾಡಬೇಕು. ದೇವಿಯ ಎರಡು ಭುಜಕ್ಕೆ ನೀರಲ್ಲಿ ಅದ್ದಿದ ಒಂದೊಂದು ಹೂವಿನ ಎಸಳು ಹಚ್ಚುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ ಆಯಿತು, ಎಡಗಡೆಯದು ಬಿದ್ದರೆ ಇಲ್ಲ.

ಬಲಗಡೆಯ ಎಸಳನ್ನು ನೆಗೆಣ್ಣಿ ನೀರಲ್ಲಿ ಅದ್ದಿಯೇ ಹಚ್ಚಿದರು. ಎಡಗಡೆಯದಕ್ಕೆ ಮಾತ್ರ, ಸೆರಗಿನ ಮರೆಯಲ್ಲಿ, ದಪ್ಪಗೆ ಗಂಧ ಮೆತ್ತಿದರು. ಪಕ್ಕದಲ್ಲೇ ಕುಳಿತಿದ್ದ ನಾನು ಕಂಡೆ.

ಬಲಗಡೆಯದು ಬಿತ್ತು. ಮಗ ಉದ್ದಕ್ಕೆ ಅಡ್ಡಬಿದ್ದ. "ಆತಲ್ಲ, ಆಕಿನ ಹೇಳ್ಯಾಳ. ಇನ್ನ ಯಾರೂ ಬಾಯಿ ತಗೀಬ್ಯಾಡ್ರಿ," ಎಂದು ನೆಗೆಣ್ಣಿ ಎದ್ದು ನಿಂತರು.

ಹುಡುಗಿ ಹೋದಳು. ಮರುದಿನದಿಂದ ನೆಗೆಣ್ಣಿ ಸಾಣೆಕಲ್ಲು ಮುಟ್ಟಲಿಲ್ಲ. "ಮೊಣಕಾಲು ಬಗ್ಗವಲ್ಲವು," ಎಂದು ಪೂಜೆಯನ್ನು ತಮ್ಮ ಸೊಸೆಗೆ ಬಿಟ್ಟುಕೊಟ್ಟರು. ನಾನು ಕೇಳಿದ ಅವರ ಎರಡನೆಯ ಸುಳ್ಳು ಅದು. ಫೋನ್ ಒಂದು ದಿನ ತಡವಾದರೆ ಊಟ ಸೇರುತ್ತಿರಲಿಲ್ಲ. ಅಲ್ಲಿ ಹುಡುಗಿಗೆ ಜ್ವರ ಬಂತೆಂದರೆ ಇಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. "ದೇವೀನ ಕಳಿಸ್ಯಾಳ, ಆಕಿನ ನೋಡ್ಕೋತಾಳ ಬಿಡವ್ವಾ," ಎಂದು ಮಗ ಸಮಾಧಾನ ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ನಾನೂ ಕಂಡಿದ್ದೇನೆ ಎಂದು ಹೇಳಿ, ಆ ಭಾರದಲ್ಲಿ ಒಂದು ಪಾಲು ಹೊರಬಹುದಿತ್ತು. ಎರಡು ವರ್ಷ ಸುಮ್ಮನಿದ್ದೆ. ಕಾನ್ವೆಂಟಿನಲ್ಲಿ ಅದಕ್ಕೆ ಡಿಸ್ಕ್ರೆಶನ್, ಅಂದರೆ ಕಂಡೂ ಕಾಣದಂತಿರುವ ಸಭ್ಯತೆ, ಅಂತ ಕಲಿಸಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಗದಗಿನ ದವಾಖಾನಿಯಲ್ಲಿ, ಒಂದು ಮಧ್ಯಾಹ್ನ. ಮಗ ಚಹಾ ತರಲು ಹೋಗಿದ್ದ.

"ಅಕ್ಕಾರ, ಅವತ್ತ ಗುಡಿಯೊಳಗ ನಾ ನೋಡೇನ್ರಿ," ಎಂದೆ.

"ಗೊತ್ತೈತಿ. ನೀ ನೋಡಿದ್ದು ನನಗೂ ಕಂಡಿತ್ತು."

"ಬ್ಯಾಡ ಬ್ಯಾಡ ಅಂತಿದ್ರಲ್ಲ ನೀವು. ಮತ್ಯಾಕ?"

ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. "ಅವತ್ತ ಮುಂಜಾನೆ ಆಕೀಗೆ ಹೆರಳು ಹಾಕುಮುಂದ ಕೇಳಿದ್ನಿ, ತಂಗಿ. ಅವರಿವರದು ಇರ್ಲಿ, ನಿನ್ನ ಮನಸಿನ್ಯಾಗ ಏನೈತಿ ಅಂತ. ಹೋಗ್ತೇನಿ ಆಯಿ ಅಂದ್ಲು. ಅಂದು ಅತ್ಲು." ಮೆಲ್ಲಗೆ ನನ್ನ ಕಡೆ ತಿರುಗಿದರು. "ಅಷ್ಟು ದಿನಾ ಕುಂದ್ರಿಸಿಕೊಂಡು ಇಂಗ್ಲಿಷ್ ಹೇಳಿಕೊಟ್ಟಿ. ನೀ ಒಂದಿನಾರ ಕೇಳಿದ್ದೇನು ಆಕೀನ್ನ?"

ಕೇಳಿರಲಿಲ್ಲ. ಮಗ ಚಹಾ ಹಿಡಿದು ಒಳಗೆ ಬಂದ. ಅವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು.