ರಾಕೆಟ್ಟಿನವರಿಗೆ ಬೆಲ್ಲ-ನೀರು

ನಾನು ಗಡಹಿಂಗ್ಲಜದ ನಮ್ಮ ಮನೆತನದ ಹಿರಿಯಳು. ಮನೆಯಲ್ಲಿ ನನ್ನ ಮಾತೇ ಕೊನೆಯದು.

ಮೊನ್ನೆ ಸೊಸೆ ಶಾಲೆಯ ನಾಟಕದ ತಾಲೀಮಿಗೆಂದು ಮೊಮ್ಮಗಳ ಮುಖಕ್ಕೆ ಹರಳೆಣ್ಣೆಯ ಕಾಡಿಗೆ ಬಳಿಯುತ್ತಿದ್ದಳು.

"ಕಪ್ಪಗ ಅದಾಳಂತ ಬ್ಯಾರೆ ಗ್ರಹದ ಕಾಡಮಂದಿ ಪಾತ್ರ ಕೊಟ್ಟಾರ್ರಿ. ಇನ್ನೂ ಕಪ್ಪ ಮಾಡ್ರಿ ಅಂದಾರ. ಮಾತಿಲ್ಲ, ಬರೇ ಸಾಯೂದು."

ಆ ವಾಸನೆಗೆ ನನ್ನ ಅಜ್ಜಿ ನೆನಪಾದಳು. ದೀಪದ ಮಸಿ ಹಿಡಿದು ಕಾಡಿಗೆ ಮಾಡುತ್ತಿದ್ದ ಅವಳೂ ಕಪ್ಪಗಿದ್ದಳು. ಒಮ್ಮೆ ನನ್ನನ್ನು ತಂಬು ಸಿನಿಮಾಕ್ಕೆ ಕರೆದೊಯ್ದಿದ್ದಳು. ಪರದೆಯ ಮೇಲೆ ಬಿಳಿಯರು ರಾಕೆಟ್ಟಿನಲ್ಲಿ ಬೇರೊಂದು ಗ್ರಹಕ್ಕೆ ಇಳಿದು, ಅಲ್ಲಿಯ ಕಪ್ಪು ಜನರನ್ನು ಸುಟ್ಟರು. ತಂಬೆಲ್ಲ ಸೀಟಿ ಹೊಡೆಯಿತು. ಅಜ್ಜಿ ಸೆರಗು ಹೊದ್ದು ಎದ್ದುಬಿಟ್ಟಳು.

"ಮಂದಿ ಊರಿಗೆ ಬಂದಾವ್ರು ಮೊದಲ ನೀರ ಕೇಳಬೇಕು. ಕೇಳಿದ್ರ ಬೆಲ್ಲಾನೂ ಕೊಡ್ತಿದ್ರು. ನಡಿ ಮನೀಗೆ."

ಸಿನಿಮಾ ಅರ್ಧಕ್ಕೇ ಬಿಟ್ಟು ಬಂದೆವೆಂದು ದಾರಿಯುದ್ದಕ್ಕೂ ಅಳುತ್ತ ನಡೆದಿದ್ದೆ. ಈಗ ಆ ಒರಟು ಕೈ ಹಿಡಿದು ಅದೇ ದಾರಿಯಲ್ಲಿ ಇನ್ನೊಮ್ಮೆ ನಡೆಯುವ ಆಸೆ.

ಮೊಮ್ಮಗಳ ಮುಖ ನಾನೇ ತೊಳೆದೆ. ಶಾಲೆಗೆ ಹೋಗಿ ಟೀಚರಿಗೆ ನಾಟಕ ಹೇಗಿರಬೇಕೆಂದು ಹೇಳಿ ಬಂದೆ. ನಿನ್ನೆ ನಾಟಕದಲ್ಲಿ ಮೊಮ್ಮಗಳು ಆ ಗ್ರಹದ ಗೌಡತಿಯಾಗಿ, ನಮ್ಮ ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದಳು. ರಾಕೆಟ್ಟಿನಿಂದ ಇಳಿದವರು ಮೊದಲು ನೀರು ಕೇಳಿದರು.