ಚಿಕ್ಕಬಸಮ್ಮ ತಟ್ಟಿದ ಭೂಮಿ

ಮಿರ್ಲೆಯ ಕುಂಬಾರಗೇರಿಯಲ್ಲಿ ಚಿಕ್ಕಬಸಮ್ಮನಿಗೆ ಹೆದರದವರು ಇರಲಿಲ್ಲ. ಗಂಡ ಚೆಲುವಯ್ಯ ತಿಗರಿ ತಿರುಗಿಸಿ ಮಡಕೆಗೆ ಕಂಠ ಎತ್ತಿಕೊಟ್ಟರೆ ಅವನ ಕೆಲಸ ಮುಗಿಯಿತು. ಅದಕ್ಕೆ ಹೊಟ್ಟೆ ಬರಿಸುವುದೆಲ್ಲ ಅವಳದೇ. ಎಡಗೈಯಲ್ಲಿ ಕಲ್ಲಿನ ಗುಂಡು ಹಿಡಿದು ಮಡಕೆಯೊಳಕ್ಕೆ ತೂರಿಸಿ, ಬಲಗೈಯ ಹಲಗೆಯಿಂದ ಹೊರಗಿನಿಂದ ತಟ್ಟುತ್ತ ಕೂತರೆ ಸೊಟ್ಟಗಿದ್ದದ್ದು ದುಂಡಗಾಗುತ್ತಿತ್ತು. ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆಯನ್ನು ಇವಳನ್ನು ನೋಡಿಯೇ ಕಟ್ಟಿದ್ದಿರಬೇಕು ಎಂದು ಕೇರಿಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದೆ ಆಡುವ ಎದೆಗಾರಿಕೆ ಯಾರಿಗಿತ್ತು!

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮರುವರ್ಷದ ಬೇಸಿಗೆ. ಆ ಹೊತ್ತಿಗಾಗಲೇ ಅಲ್ಯೂಮಿನಿಯಂ ಪಾತ್ರೆ ಸಂತೆಗೆ ಬಂದು ಕೂತಿತ್ತು. ಅನ್ನದ ಮಡಕೆ ಕೇಳುವವರು ಕಡಿಮೆಯಾಗಿದ್ದರು. ಕುಂಬಾರನಿಲ್ಲದೆ ನಡೆಯದ್ದು ಅಂತ ಉಳಿದದ್ದು ಒಂದೇ, ಮದುವೆಯ ಐರಣೆ ಮಡಕೆ. ಹೆಣ್ಣಿನ ಮನೆಯವರು ವಾದ್ಯದ ಸಮೇತ ಕುಂಬಾರನ ಮನೆಗೆ ಬಂದು, ಅರಿಸಿನ ಕುಂಕುಮ ಇಟ್ಟು ನಮಸ್ಕಾರ ಮಾಡಿ, ಆ ಮಡಕೆಗಳನ್ನು ಚಪ್ಪರಕ್ಕೆ ಹೊತ್ತೊಯ್ಯಬೇಕು. ಅಲ್ಯೂಮಿನಿಯಂ ಎಷ್ಟೇ ಹೊಳೆದರೂ ಅದಕ್ಕೆ ಯಾರೂ ಕೈಮುಗಿಯುವುದಿಲ್ಲವಲ್ಲ. ಆ ಮಡಕೆಗೆ ಸಿಗುವ ರಾಗಿ, ಸೀರೆಯೇ ಆ ಸಂಸಾರದ ಆಧಾರವಾಗಿತ್ತು.

ಅಂಥ ಬೇಸಿಗೆಯಲ್ಲಿ ಒಂದು ದಿನ ಶಾಲೆಯ ಕಂಠಪ್ಪ ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು.

"ಚಿಕ್ಕಬಸಮ್ಮ, ನನಗೊಂದು ಭೂಮಿ ಮಾಡಿಕೊಡಬೇಕಲ್ಲಮ್ಮ."

"ಅದನ್ನ ಶಿವ ಮಾಡಿ ಆಗೈತಲ್ಲ ಮೇಷ್ಟ್ರೇ. ಇದ್ರಾಗಿರೋ ತಾಪತ್ರಯ ಸಾಲ್ದು ಅಂತ ಇನ್ನೊಂದ್ ಬೇರೆ ಬೇಕಾ?"

ಮೇಷ್ಟ್ರು ನಕ್ಕು ಭೂಗೋಳದ ಪುಸ್ತಕ ಬಿಚ್ಚಿ ಚಿತ್ರ ತೋರಿಸಿದರು. ಭೂಮಿ ಮೊರದ ಹಾಗೆ ಚಪ್ಪಟೆ ಎಂದೇ ಮಕ್ಕಳು ಹಟ ಹಿಡಿಯುತ್ತಾರೆ, ದುಂಡಗಿರುವುದೊಂದನ್ನು ಎದುರಿಗಿಟ್ಟರೆ ನಂಬಿಯಾರು ಎಂದರು. ಹಾಗೇ ಮಾತು ಬೆಳೆಯಿತು. ಈ ಭೂಮಿ ಮೊದಲು ಬೆಂಕಿಯ ಉಂಡೆಯಾಗಿತ್ತಂತೆ, ಕಲ್ಲೇ ಕರಗಿ ಕುದಿಯುತ್ತಿತ್ತಂತೆ. ಆರುತ್ತ ಆರುತ್ತ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೊಂದು ತೊಗಲು ಕಟ್ಟಿತು. ಒಳಗಿನ ಉಗಿಯೆಲ್ಲ ಬೆಂಕಿಬೆಟ್ಟಗಳ ಬಾಯಿಂದ, ನೆಲದ ಬಿರುಕುಗಳಿಂದ ಹೊರಬಿದ್ದು ಆಕಾಶ ತುಂಬಿತು. ನೆಲ ತಣ್ಣಗಾದ ಮೇಲೆ ಆ ಉಗಿಯೇ ಮಳೆಯಾಗಿ, ಯುಗಯುಗ ಬಿಡದೆ ಸುರಿದು, ತಗ್ಗಿದ್ದಲ್ಲೆಲ್ಲ ನಿಂತು ಕಡಲಾಯಿತು.

ಚಿಕ್ಕಬಸಮ್ಮನ ಹಲಗೆ ಅಲ್ಲೇ ನಿಂತಿತು. "ಅಂಗಾದ್ರೆ ಭೂಮ್ತಾಯೂ ನಮ್ ಮಡಕೆ ಅಂಗೆ ಬೆಂದು ಬಂದೋಳೇ ಅನ್ನಿ!"

ಮಣ್ಣು ತುಳಿಯುವವರು ಎಂದು ಜನ ಮೂಗು ಮುರಿಯುವುದನ್ನು ಕೇಳಿಕೊಂಡೇ ಅವಳು ಬೆಳೆದಿದ್ದಳು. ಭೂಮಿಯೇ ಬೆಂದು ಗಟ್ಟಿಯಾದದ್ದು ಎಂದು ಕೇಳಿ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತನ್ನ ಕಸುಬಿಗೆ ಯಾರೋ ಹಿರಿಯರು ಸಾಕ್ಷಿ ಹೇಳಿದಂತಾಯಿತು.

ಮೇಷ್ಟ್ರು ಪಕ್ಕದ ಹಸಿ ಮಡಕೆಯ ಹೊಟ್ಟೆ ಮುಟ್ಟಿ ತೋರಿಸಿದರು. "ನೋಡಮ್ಮ, ಬಿಸಿಲು ನೆಟ್ಟಗೆ ಬೀಳೋದು ಈ ನಡುವಿಗೆ. ಮೇಲಕ್ಕೂ ಕೆಳಕ್ಕೂ ಓರೆಯಾಗಿ ಜಾರುತ್ತೆ, ಅಲ್ಲೆಲ್ಲ ಹಿಮ. ನಾವಿರೋದು ಈ ಹೊಟ್ಟೆ ಪಟ್ಟಿಯಲ್ಲಿ. ಉಷ್ಣವಲಯ ಅಂತಾರೆ. ಈಗ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನೆ. ನೆಲ ಕಾದು, ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುತ್ತೆ. ಅದಕ್ಕೇ ಸಂಜೆಗೆ ಗುಡುಗು, ಮಳೆ. ಇನ್ನು ಮಳೆಗಾಲದಲ್ಲಿ ಕಡಲಿಂದ ಬರೋ ಗಾಳಿ ಕೊಡಗಿನ ಬೆಟ್ಟ ಹತ್ತುವಾಗ್ಲೇ ತನ್ನ ಹೊರೆ ಇಳಿಸಿಬಿಡುತ್ತೆ. ಪಿರಿಯಾಪಟ್ಟಣಕ್ಕೆ ಅಷ್ಟಿಷ್ಟು. ನಮಗೆ ಮಿಕ್ಕಿದ್ದು."

"ಕೊನೇ ಪಂಕ್ತೀಲಿ ಕೂತೋರ್ಗೆ ಪಾಯ್ಸ ಸಿಕ್ದಂಗೆ" ಎಂದಳು ಚಿಕ್ಕಬಸಮ್ಮ.

ಭೂಮಿಯ ಕೆಲಸ ಶುರುವಾಯಿತು. ಚೆಲುವಯ್ಯ ಕಂಠ ಎತ್ತಿದ, ಅವಳು ತಟ್ಟಿದಳು. ಹಿಂದೆಂದೂ ಯಾವ ಮಡಕೆಗೂ ಅಷ್ಟು ಜತನ ಮಾಡಿರಲಿಲ್ಲ. ಹೊಟ್ಟೆಯ ಸುತ್ತ ಕೆಮ್ಮಣ್ಣಿನ ಪಟ್ಟಿಯನ್ನೂ ಬಳಿದಳು. ಅಲ್ಲಿ ನಾವಿದ್ದೀವಿ ಎಂದು ಗಂಡನಿಗೆ ಬೆರಳಿಟ್ಟು ತೋರಿಸಿದಳು. ಉಳಿದದ್ದು ಕೈ ತೂರಿಸುವ ಬಾಯಿ ಮಾತ್ರ.

"ಅದು ಅಂಗೇ ಇರ್ಲಿ ಕಣೆ" ಎಂದ ಚೆಲುವಯ್ಯ. "ತಳಕ್ಕೆ ಮಾಡಿ ಇಟ್ರೆ ಯಾರ್ಗೆ ಕಾಣ್ತದೆ?"

"ಭೂಮ್ತಾಯಿಗೆ ತೂತೈತೆ ಅಂತ ಐಕ್ಳು ಕಲೀಬೇಕಾ? ನಿನ್ ತಲೆ!" ಎಂದು ಅವಳು ಹಸಿ ಮಣ್ಣಿನ ಮುದ್ದೆ ಒತ್ತಿ ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ ತಿರುಗಿಸಿ ತಿರುಗಿಸಿ ನೋಡಿ ಹಿಗ್ಗಿದಳು.

ಅದೇ ವಾರ ನಂಜಣ್ಣನವರ ಮಗಳು ಮಂಗಳಗೌರಿಯ ಮದುವೆಯ ಐರಣೆಯೂ ಬೇಯಬೇಕಿತ್ತು. ಗಂಡು ರಾವಂದೂರಿನವನು. ಮಧ್ಯಾಹ್ನ ಕಳೆಯುತ್ತಲೇ ಪಡುವಣದಲ್ಲಿ ಮೋಡ ಕಪ್ಪಾಗುತ್ತಿದ್ದ ದಿನಗಳು ಅವು. ಸೌದೆ ನೆನೆದರೆ ಮಡಕೆ ಸುಡುವ ಆವಿಗೆ ಹತ್ತುವುದಿಲ್ಲ. ಐರಣೆಯನ್ನು ಇವತ್ತೇ ಸುಟ್ಟುಬಿಡೋಣ, ಮುಚ್ಚಿದ ಮಣ್ಣು ಇನ್ನೂ ಹಸಿ, ಭೂಮಿ ಮುಂದಿನ ಸಲಕ್ಕಿರಲಿ ಎಂದ ಚೆಲುವಯ್ಯ.

"ಮುಂದಿನ ಸಲ ಅಂದ್ರೆ ಯಾವಾಗ? ಮಳೆ ಹಿಡಿದ್ರೆ ದೀಪಾವಳಿ ಆಯ್ತದೆ" ಎಂದು ಅವಳು ಭೂಮಿಯ ಉಂಡೆಯನ್ನು ಎತ್ತಿ ತಂದು ಆವಿಗೆಯ ನಡುವಿಗೇ ಇಟ್ಟಳು, ಐರಣೆ ಮಡಕೆಗಳನ್ನು ಅದರ ಸುತ್ತ ಜೋಡಿಸಿದಳು. ಅವಳ ಎದುರು ಮಾತಾಡಿ ಗೆದ್ದವರುಂಟೆ? ಚೆಲುವಯ್ಯ ಬೆಂಕಿ ಹಾಕಿದ.

ದೀಪ ಹಚ್ಚುವ ಹೊತ್ತಿಗೆ ಆವಿಗೆಯೊಳಗಿಂದ ಸಿಡಿಲು ಹೊಡೆದಂಥ ಸದ್ದು ಬಂತು. ಮೇಲೆ ಮುಚ್ಚಿದ್ದ ಹುಲ್ಲು, ಬೂದಿ ಹಾರಿತು. ಕೇರಿಗೆ ಕೇರಿಯೇ ಓಡಿಬಂತು. ಬೆಳಿಗ್ಗೆ ಬಗೆದು ನೋಡಿದರೆ ಐರಣೆ ಮಡಕೆ ಒಂದೂ ಉಳಿದಿರಲಿಲ್ಲ, ಎಲ್ಲ ಚೂರುಚೂರು ಬೋಕಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದವರೂ ಯಾರೂ ಇರಲಿಲ್ಲ.

ಬಿಸಿ ಸುದ್ದಿಗೆ ಕಾಲು ಎಷ್ಟು! ಐರಣೆ ಆವಿಗೆಯಲ್ಲೇ ಒಡೆಯಿತು, ಹುಡುಗಿ ಕಾಲ್ಗುಣ ಸರಿಯಿಲ್ಲ ಎಂಬ ಮಾತು ರಾವಂದೂರು ಮುಟ್ಟಿತು. ಮಾರನೆಯ ದಿನವೇ ಗಂಡಿನ ಅಜ್ಜಿ ಸಿದ್ದಲಿಂಗಮ್ಮ ಗಾಡಿ ಕಟ್ಟಿಸಿಕೊಂಡು ಬಂದು ನಂಜಣ್ಣನವರ ಹಜಾರದಲ್ಲಿ ಕೂತಳು. ಈ ಸಂಬಂಧ ಬೇಡ ಎಂದು ಹೇಳಲೆಂದೇ ಬಂದಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಯಿತು.

"ನೀನು ಬಾಯಿ ಬುಡ್ಬೇಡ ಕಣೆ" ಎಂದು ಚೆಲುವಯ್ಯ ಕೈಮುಗಿದ. "ಶಿವನಿಚ್ಛೆ ಅಂತ ಸುಮ್ಕಿರು. ನಮ್ ತಪ್ಪು ಅಂದ್ರೆ ಇನ್ಯಾರೂ ಐರಣೆಗೆ ನಮ್ ಮನೆ ಬಾಗ್ಲಿಗೆ ಬರಾಕಿಲ್ಲ. ಆಮೇಲೆ ತಿನ್ನೋದೇನು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಸಂಕಟವಾದದ್ದು. ಬೋಕಿಯ ರಾಶಿಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಒಂದು ಕಡೆ ಮನೆಯ ಒಲೆ. ಇನ್ನೊಂದು ಕಡೆ ಏನೂ ಅರಿಯದ ಹೆಣ್ಣುಮಗಳು, ಬದುಕಿರುವ ತನಕ ಐರಣೆ ಒಡೆದವಳು ಅನ್ನಿಸಿಕೊಳ್ಳುವವಳು. ಕೊನೆಗೆ ಎದ್ದು ರಾಶಿಯಲ್ಲಿ ಒಂದು ಚೂರನ್ನು ಹುಡುಕಿ, ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಹಜಾರದ ಹೊಸಿಲ ಹೊರಗೆ ನಿಂತು ಅವಳು ಆ ಚೂರನ್ನು ಸಿದ್ದಲಿಂಗಮ್ಮನ ಮುಂದಿಟ್ಟಳು. ಅದು ಉಂಡೆಯ ಬಾಯಿಗೆ ಒತ್ತಿದ ಮಣ್ಣು. ಅದರ ಮೇಲೆ ಅವಳ ಬೆರಳ ಗುರುತು ಸುಟ್ಟು ಗಟ್ಟಿಯಾಗಿತ್ತು.

"ಅಮ್ಮಾರೆ, ಐರಣೆ ತಾನಾಗಿ ಒಡೀಲಿಲ್ಲ. ಅದ್ರ ನಡುವೆ ನಾನೊಂದು ಉಂಡೆ ಇಟ್ಟಿದ್ದೆ. ಇಸ್ಕೂಲಿಗೆ ಭೂಮಿ ಮಾಡ್ಬೇಕು ಅಂತ. ಭೂಮಿ ಬೆಂಕಿಯಾಗಿದ್ದಾಗ ಒಳಗಿನ ಉಗಿನೆಲ್ಲ ಹೊರೀಕ್ ಬುಡ್ತಂತೆ, ಅದೇ ಮಳೆ ಆಯ್ತಂತೆ. ಮೇಷ್ಟ್ರು ಹೇಳಿದ್ರು, ಕಿವಿಯಾರ ಕೇಳಿದ್ದೆ. ಆದ್ರೂ ನನ್ ಕೊಬ್ಬು, ಉಗಿ ಹೋಗೋ ದಾರಿನ ಈ ಕೈಯಾಗೇ ಮುಚ್ಚಿದೆ. ಹಸಿ ಅಂತ ಗಂಡ ಬಡ್ಕೊಂಡ್ರೂ ಕೇಳ್ಲಿಲ್ಲ. ಅದು ಸಿಡೀತು, ಪಕ್ಕದಲ್ಲಿದ್ದ ಮಡಕೆಗಳ್ನೂ ಒಡೀತು. ಮಗೀನ ಕಾಲ್ಗುಣ ಅಲ್ಲ, ನನ್ ತಪ್ಪು."

ಸಿದ್ದಲಿಂಗಮ್ಮ ಚೂರನ್ನು ತಿರುವಿ ನೋಡಿದಳು. "ಈ ಮನೆಯೋರೇ ನಿನಗೆ ಹೇಳಿಕೊಟ್ಟು ಕರೆಸಿಲ್ಲ ಅಂತ ಹೆಂಗೆ ನಂಬ್ಲಿ?"

"ನಾನು ಸುಳ್ಳು ಹೇಳೋದಾಗಿದ್ರೆ ಹುಡುಗಿ ಹಣೇಬರ ಅಂತಿದ್ದೆ ಅಮ್ಮಾರೆ. ಅಂಗಂದಿದ್ರೆ ನನ್ ಹೊಟ್ಟೆಪಾಡು ಉಳೀತಿತ್ತು."

ಒಳಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಮಂಗಳಗೌರಿಯ ಬಳೆ ಸದ್ದಾಯಿತು. ಮುದುಕಿ ಚೂರನ್ನು ಕೆಳಗಿಟ್ಟು, ಮದುವೆ ಗೊತ್ತಾದ ದಿನವೇ ನಡೆಯಲಿ ಎಂದಳು. ಆಮೇಲೆ ನಂಜಣ್ಣನವರ ಕಡೆ ತಿರುಗಿ, "ಐರಣೆ ಮಾತ್ರ ಸಾಲಿಗ್ರಾಮದಿಂದ ತರಿಸಿ. ಇವಳ ಕೈಯಿಂದ ಬೇಡ" ಎಂದಳು. ನಂಜಣ್ಣ ತಲೆಯಾಡಿಸಿದರು. ಚಿಕ್ಕಬಸಮ್ಮ ಮನೆಗೆ ಬಂದು, ತಿಗರಿಯ ಪಕ್ಕ ಕೂತು, ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ಚೆಲುವಯ್ಯ ಬೈಯದೆ ಬೋಕಿಯನ್ನು ಬುಟ್ಟಿಗೆ ತುಂಬತೊಡಗಿದ.

ಮದುವೆಯ ವಾದ್ಯ ಅವರ ಕೇರಿಯ ಕಡೆ ಬರಲಿಲ್ಲ. ಆ ಬೇಸಿಗೆ ಮತ್ತೊಂದು ಮನೆಯವರೂ ಐರಣೆ ಮಾಡಿಕೊಡಲೆಂದು ಮೊದಲೇ ಕೊಟ್ಟಿದ್ದ ವೀಳ್ಯವನ್ನು ಹಿಂದಕ್ಕೆ ಕೇಳಿ ಪಡೆದರು. ಚಿಕ್ಕಬಸಮ್ಮ ಅದನ್ನು ಕೊಟ್ಟು ಕಳಿಸಿದಳು. ಇದ್ದ ಮಣ್ಣು ಮುಗಿದೊಡನೆ ಹೊಲದ ಕೂಲಿಗೆ ಹೋಗುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ಹೆಣ್ಣು ಗಂಡನ ಮನೆಗೆ ಹೊರಟ ದಿನ ಗಾಡಿ ಊರ ಬಾಗಿಲಿಗೆ ಹೋಗಬೇಕಾದ್ದು ಕುಂಬಾರಗೇರಿಗೆ ತಿರುಗಿತು. ದಾರಿ ತಪ್ಪಿತೇನೋ ಎಂದು ಜನ ನೋಡುತ್ತಿರುವಾಗಲೇ ಮಂಗಳಗೌರಿ ಧಾರೆ ಸೀರೆಯಲ್ಲೇ ಇಳಿದಳು. ಹಿಂದಿನ ಗಾಡಿಯಲ್ಲಿದ್ದ ಸಿದ್ದಲಿಂಗಮ್ಮ ಏನೋ ಕೂಗಿದಳು, ಹುಡುಗಿ ತಿರುಗಿ ನೋಡಲಿಲ್ಲ. ಮಣ್ಣು ಕಲಸುತ್ತಿದ್ದ ಚಿಕ್ಕಬಸಮ್ಮ ಏಳುವಷ್ಟರಲ್ಲಿ ಹುಡುಗಿ ಅವಳ ಹಣೆಗೆ ಕುಂಕುಮ ಇಟ್ಟು, ಆ ಕೆಸರಿನ ಕಾಲಿನ ಮೇಲೆ ತಲೆಯಿಟ್ಟಳು.

"ಅಯ್ಯೋ, ಏಳವ್ವ ಏಳು! ಇದೇನಿದು?"

"ಐರಣೆಗೆ ಇಲ್ಲಿ ಬಂದು ಮಾಡ್ಬೇಕಾಗಿದ್ದ ನಮಸ್ಕಾರ ಕಣಕ್ಕ ಇದು."

"ಎದ್ದೇಳು ತಾಯಿ, ಸೀರೆಗೆಲ್ಲ ಮಣ್ಣಾಯ್ತದೆ."

"ಆಗ್ಲಿ ಬುಡು" ಎಂದಳು ಹುಡುಗಿ, ತಲೆಯೆತ್ತದೆ.